ಪಾಲಹಳ್ಳಿಯ ಆಲೆಮನೆಯಲ್ಲಿ ಐದು ಹಾಸ್ಟೆಲುಗಳು

ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಹೆದ್ದಾರಿಯಲ್ಲಿ, ಕಾವೇರಿಯ ಸೇತುವೆ ಇನ್ನೂ ಸ್ವಲ್ಪ ದೂರವಿರುವಾಗಲೇ ಎಡಗಡೆಗೆ ಒಂದು ರಸ್ತೆ ಒಡೆಯುತ್ತದೆ. ರಂಗನತಿಟ್ಟಿನ ಹಕ್ಕಿಗಳನ್ನು ನೋಡಹೋಗುವವರೂ ಬೆಳಗೊಳದ ಮೇಲೆ ಹಾದು ಕನ್ನಂಬಾಡಿ ಕಟ್ಟೆಗೆ ಹೋಗುವವರೂ ಹಿಡಿಯುವ ದಾರಿ ಅದು. ಈ ಎರಡು ಪ್ರಸಿದ್ಧ ಸ್ಥಳಗಳ ನಡುವೆ ಸಿಕ್ಕಿಕೊಂಡಿರುವುದೇ ಪಾಲಹಳ್ಳಿಯ ದುರದೃಷ್ಟವೆನ್ನಬೇಕು. ಪ್ರವಾಸಿಗಳ ಮೋಟಾರುಗಳು ಊರನ್ನು ಹಾದುಹೋಗುತ್ತವೆಯೇ ಹೊರತು ನಿಲ್ಲುವುದಿಲ್ಲ. ನಿಂತರೂ ಒಂದು ಬಟ್ಟಲು ಚಹಕ್ಕೆ, ಇಲ್ಲವೆ ದಾರಿ ಕೇಳುವುದಕ್ಕೆ. ಆದರೆ ನಿಂತು ನೋಡುವ ಕಣ್ಣಿದ್ದವರಿಗೆ ಈ ಊರಿನಲ್ಲಿ ನೋಡತಕ್ಕದ್ದು ಉಂಟು. ಬಲಮುರಿಯ ಅಣೆಕಟ್ಟಿನಿಂದ ಹೊರಟ ವಿರಿಜಾ ನಾಲೆಯ ನೀರು ಈ ಕಡೆಯ ಭೂಮಿಯನ್ನು ಶತಮಾನಗಳಿಂದ ತಣಿಸುತ್ತ ಬಂದಿದೆ. ನಾಲೆಯ ಏರಿಯ ಮೇಲೆ ನಿಂತರೆ ಒಂದು ಕಡೆ ಬತ್ತದ ಗದ್ದೆ, ಇನ್ನೊಂದು ಕಡೆ ಆಳೆತ್ತರವನ್ನು ಮೀರಿದ ಕಬ್ಬು, ಅದರಾಚೆಗೆ ತೆಂಗಿನ ಸಾಲು. ಮಾಘಮಾಸದ ಬೆಳಗಿನಲ್ಲಿ ಈ ಹಸುರಿನ ಮೇಲೆಲ್ಲ ಒಂದು ತೆಳುವಾದ ಹೊಗೆ ಹಬ್ಬಿರುತ್ತದೆ. ಆ ಹೊಗೆಯಲ್ಲಿ ಬೆಲ್ಲದ ಪರಿಮಳವಿರುತ್ತದೆ.

ಸಿಹಿಯ ಕಸುಬು ಈ ಊರಿಗೆ ಇಂದು ನಿನ್ನೆಯದಲ್ಲ. ೧೮೪೭ರಲ್ಲಿಯೇ ಗ್ರೋವ್ಸ್ ಎಂಬ ಐರೋಪ್ಯ ಕಂಪನಿಯವರು ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯನ್ನು ಸ್ಥಾಪಿಸಿದರು. ಸುತ್ತಲಿನ ರೈತರು ತಮ್ಮ ತಮ್ಮ ಆಲೆಮನೆಗಳಲ್ಲಿ ಕಾಯಿಸಿದ ಬೆಲ್ಲವನ್ನು ಕೊಂಡು ಅದನ್ನು ಶುದ್ಧಮಾಡಿ ಬಿಳಿಯ ಸಕ್ಕರೆಯನ್ನಾಗಿಸುವುದು ಅವರ ಉದ್ಯಮ. ೧೮೫೧ರ ಲಂಡನ್ ಮಹಾಪ್ರದರ್ಶನದಲ್ಲಿ ಈ ಸಕ್ಕರೆಗೆ ಬಹುಮಾನ ಬಂದಿತು. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ್ದು ೧೯೩೩ರಲ್ಲಿ. ಅದಕ್ಕೆ ಎಂಬತ್ತಾರು ವರ್ಷ ಹಿರಿಯದು ನಮ್ಮ ಪಾಲಹಳ್ಳಿಯ ಕಾರ್ಖಾನೆ. ಹಿರಿಯರು ಬೇಗ ಹೋಗಿಬಿಡುವುದು ಲೋಕದ ಪದ್ಧತಿ. ಆ ಕಾರ್ಖಾನೆ ಈಗಿಲ್ಲ, ಬೆಲ್ಲ ಮಾತ್ರ ಉಳಿದಿದೆ.

ಇಂಥ ಊರಿಗೆ ಕಳೆದ ವರ್ಷ ಒಂದು ಎರಡನೆಯ ಶನಿವಾರ ನಲವತ್ತು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೊರಟದ್ದಕ್ಕೆ ಬೆಲ್ಲದ ಆಸೆಯೊಂದೇ ಕಾರಣವಲ್ಲ. ಆ ನಲವತ್ತು ಮಂದಿ ಮೈಸೂರಿನ ಐದು ಹಾಸ್ಟೆಲುಗಳಿಂದ, ಹಾಸ್ಟೆಲಿಗೆ ಎಂಟರಂತೆ ಬಂದವರು. ಒಂದು ಮಠದ ಆಶ್ರಯದ್ದು, ಒಂದು ಸಮುದಾಯದ ಸಂಘದವರು ನಡೆಸುವುದು, ಎರಡು ಸರ್ಕಾರದ ಬೇರೆ ಬೇರೆ ಇಲಾಖೆಗಳಿಗೆ ಸೇರಿದುವು, ಐದನೆಯದು ಹೆಣ್ಣುಮಕ್ಕಳದು. ಹೆಸರುಗಳು ಇಲ್ಲಿ ಬೇಡ. ಮೈಸೂರನ್ನು ಬಲ್ಲ ವಾಚಕರು ಊಹಿಸಿಕೊಳ್ಳಬಹುದು. ಬಲ್ಲದವರು ತಮ್ಮ ತಮ್ಮ ಊರಿನ ಹಾಸ್ಟೆಲುಗಳ ಹೆಸರನ್ನು ತುಂಬಿಕೊಂಡರೆ ಹೆಚ್ಚು ವ್ಯತ್ಯಾಸವಾಗದು.

ನಮ್ಮ ತರಗತಿಗಳಲ್ಲಿ ಎಲ್ಲರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಪಂಪನನ್ನೂ ಬಸವಣ್ಣನನ್ನೂ ಕನಕದಾಸರನ್ನೂ ಒಟ್ಟಿಗೆ ಓದುತ್ತಾರೆ. ಜಾತಿಯನ್ನು ಖಂಡಿಸಿ ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಬಂಧವನ್ನು ಬಹು ಚೆನ್ನಾಗಿ ಬರೆಯುತ್ತಾರೆ. ಸಾಯಂಕಾಲ ಗಂಟೆ ಹೊಡೆದ ಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಜಾತಿಯ ಸೂರಿನ ಕೆಳಗೆ ಸೇರುತ್ತಾರೆ. ಉಣ್ಣುವುದು ಅಲ್ಲಿ, ಓದುವುದು ಅಲ್ಲಿ, ರಾತ್ರಿ ಹತ್ತರ ಮೇಲೆ ಮನಸ್ಸು ಬಿಚ್ಚಿ ಮಾತನಾಡುವುದು ಅಲ್ಲಿ. ಮೂರು ವರ್ಷ ಜೊತೆಯಲ್ಲಿ ಓದಿದ ಗೆಳೆಯನ ಕೋಣೆಯನ್ನು ಒಮ್ಮೆಯೂ ಕಾಣದೆ ಪದವಿ ಮುಗಿಸಿ ಹೋಗುವವರು ಎಷ್ಟೋ ಮಂದಿ. ನಮ್ಮಲ್ಲಿ 'ನೀನು ಯಾವ ಹಾಸ್ಟೆಲಿನವನಪ್ಪ?' ಎಂಬ ಪ್ರಶ್ನೆಗೂ 'ನೀನು ಯಾವ ಜಾತಿಯವನಪ್ಪ?' ಎಂಬ ಪ್ರಶ್ನೆಗೂ ಅರ್ಥದಲ್ಲಿ ಭೇದವಿಲ್ಲ. ಮೊದಲನೆಯದನ್ನು ಕೇಳಿದರೆ ಸಭ್ಯತೆಗೆ ಭಂಗವಿಲ್ಲ, ಅಷ್ಟೆ.

ಹಾಗೆಂದು ಈ ಹಾಸ್ಟೆಲುಗಳನ್ನು ಹಳಿಯುವುದು ಅವುಗಳ ಚರಿತ್ರೆಯನ್ನು ಅರಿಯದವರ ಮಾತು. ಹಿಂದೆ ಹಳ್ಳಿಯಿಂದ ಓದಲು ಬಂದ ಬಡ ಹುಡುಗನಿಗೆ ಮೈಸೂರಿನಂಥ ಪಟ್ಟಣದಲ್ಲಿ ಅನ್ನ ಎಲ್ಲಿಂದ ಬರಬೇಕು? ಬ್ರಾಹ್ಮಣರ ಹುಡುಗನಾದರೆ ವಾರಾನ್ನವೆಂಬುದು ಇತ್ತು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಅದರ ಅವಮಾನಗಳು ಅನುಭವಿಸಿದವರಿಗೇ ಗೊತ್ತು. ಆದರೂ ಹೊಟ್ಟೆ ತುಂಬುತ್ತಿತ್ತು. ನಾಗಮಂಗಲದ ಒಕ್ಕಲ ಮಗನಿಗೆ, ಕೃಷ್ಣರಾಜಪೇಟೆಯ ಕುರುಬರ ಹುಡುಗನಿಗೆ, ಪಾಂಡವಪುರದ ಹೊಲೆಯರ ಕೇರಿಯ ಬಾಲಕನಿಗೆ ಆ ವಾರಾನ್ನದ ಬಾಗಿಲೂ ಇರಲಿಲ್ಲ. ತಾತಯ್ಯನೆಂದು ನಾಡೆಲ್ಲ ಕರೆದ ಎಂ. ವೆಂಕಟಕೃಷ್ಣಯ್ಯನವರು ಬಡ ವಿದ್ಯಾರ್ಥಿಗಳಿಗಾಗಿ ಮೈಸೂರಿನಲ್ಲಿ ಅನಾಥಾಲಯವನ್ನು ಕಟ್ಟಿದರು. ೧೯೦೫ರಲ್ಲಿ ಲಿಂಗಾಯತರ ವಿದ್ಯಾನಿಧಿಯ ಸಂಘ, ೧೯೦೬ರಲ್ಲಿ ಒಕ್ಕಲಿಗರ ಸಂಘ ಹುಟ್ಟಿದುವು. ಒಂದೊಂದು ಸಮುದಾಯವೂ ತನ್ನ ಮಕ್ಕಳಿಗೆ ತಾನೇ ಸೂರು ಕಟ್ಟಿತು. ೧೯೧೫ರಲ್ಲಿ ಸಿ. ಆರ್. ರೆಡ್ಡಿಯವರ ಕಾಲದಲ್ಲಿ ಸರ್ಕಾರದ ಶಾಲೆಗಳ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೂ ತೆರೆಯಬೇಕೆಂದು ಆಜ್ಞೆಯಾಯಿತು. ಶಾಲೆಯ ಬಾಗಿಲು ತೆರೆದ ಮಾತ್ರಕ್ಕೆ ಮನೆಗಳ ಬಾಗಿಲು ತೆರೆಯಲಿಲ್ಲವಾಗಿ ಅವರಿಗೂ ಬೇರೆಯೇ ಬೋರ್ಡಿಂಗು ಆಗಬೇಕಾಯಿತು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಬಂದ ಮೇಲೆ ಅದರ ಪದವಿಗಳನ್ನು ಹಳ್ಳಿಗಳಿಗೆ ತಲುಪಿಸಿದುದರಲ್ಲಿ ಅಧ್ಯಾಪಕರ ಪಾಲೆಷ್ಟೋ ಈ ಹಾಸ್ಟೆಲುಗಳ ಅಡಿಗೆಯವರ ಪಾಲೂ ಅಷ್ಟೇ ಎಂದು ನನ್ನ ನಂಬಿಕೆ. ತುಮಕೂರಿನ ಸಿದ್ಧಗಂಗೆಯಂತೆ ಎಲ್ಲ ಜಾತಿಯ ಮಕ್ಕಳಿಗೂ ಒಂದೇ ಪಂಕ್ತಿಯಲ್ಲಿ ಬಡಿಸಿದ ಮಠಗಳೂ ಉಂಟು. ಆದರೆ ಸಾಮಾನ್ಯವಾದ ರೀತಿ ಅದಲ್ಲ.

ಆ ಗೋಡೆಗಳ ಇನ್ನೊಂದು ಮುಖವನ್ನೂ ಮೈಸೂರು ಕಂಡಿದೆ. ೧೯೭೩ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದು ಆಡಿದ ಮಾತು ನಾಡನ್ನೆಲ್ಲ ಕದಡಿತು. ಅದು ಸಾಹಿತ್ಯದ ಚರ್ಚೆಯಾಗಿಯೇ ಮುಗಿದಿದ್ದರೆ ನಮ್ಮಂಥ ಕನ್ನಡ ಮೇಷ್ಟರುಗಳಿಗೆ ಒಳ್ಳೆಯ ಕೆಲಸವಾಗುತ್ತಿತ್ತು. ಆದರೆ ವಿದ್ಯಾರ್ಥಿಗಳೇ ವಿದ್ಯಾರ್ಥಿಗಳ ಮೇಲೆ ಬಿದ್ದರು. ದಲಿತ ಹುಡುಗರ ಹಾಸ್ಟೆಲುಗಳ ಮೇಲೆ ದಾಳಿಗಳಾದುವು. ಕಲ್ಲನ್ನು ಯಾವ ಕಡೆ ಎಸೆಯಬೇಕೆಂದು ಯಾರೂ ಕೇಳಬೇಕಾಗಿರಲಿಲ್ಲ. ಯಾರು ಯಾವ ಕಟ್ಟಡದಲ್ಲಿದ್ದಾರೆಂಬುದು ಊರಿಗೆಲ್ಲ ಗೊತ್ತಿತ್ತು.

ಇದು ನಮ್ಮ ದೇಶದ ರೋಗವೊಂದೇ ಅಲ್ಲ. ಅಮೆರಿಕದ ಕಾಲೇಜುಗಳಲ್ಲಿ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಭ್ರಾತೃಸಂಘ, ಭಗಿನೀಸಂಘಗಳಿವೆ. ಅನೇಕ ಸಂಘಗಳಿಗೆ ಸ್ವಂತ ಮನೆಗಳಿವೆ. ಅಲ್ಲಿಯೇ ವಾಸ, ಅಲ್ಲಿಯೇ ಊಟ. ಬಿಳಿಯರ ಸಂಘಗಳು ನೀಗ್ರೋ ಹುಡುಗರನ್ನು ಸೇರಿಸದಿದ್ದಾಗ ಆ ಹುಡುಗರು ೧೯೦೬ರಲ್ಲಿ, ಇಲ್ಲಿ ಒಕ್ಕಲಿಗರ ಸಂಘ ಹುಟ್ಟಿದ ವರ್ಷವೇ, ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಆಲ್ಫಾ ಫೈ ಆಲ್ಫಾ ಎಂಬ ತಮ್ಮದೇ ಸಂಘವನ್ನು ಕಟ್ಟಿಕೊಂಡರು. ಅಲಬಾಮಾ ವಿಶ್ವವಿದ್ಯಾನಿಲಯದಲ್ಲಿ ಬಿಳಿಯ ಹುಡುಗಿಯರ ಭಗಿನೀಸಂಘಗಳು ಕಪ್ಪು ಹುಡುಗಿಯರನ್ನು ದೂರವಿಡುತ್ತಿದ್ದುದು ೨೦೧೩ರಲ್ಲಿ ದೊಡ್ಡ ಸುದ್ದಿಯಾಗಿ, ಆಮೇಲೆ ಬಾಗಿಲು ತೆರೆಯಿತು. ಇಸವಿಯನ್ನು ಗಮನಿಸಬೇಕು. ನಮಗಿಂತ ಮುಂದುವರಿದವರೆಂದು ನಾವು ಭಾವಿಸುವ ದೇಶ ಅದು. ಅಲ್ಲಿಯೂ ಈಚೆಗೆ ಕೆಲವರು ಬೇರೆ ಬೇರೆ ಬಗೆಯ ಸಂಘಗಳನ್ನು ಔತಣಗಳಲ್ಲಿ, ಸೇವಾಕಾರ್ಯಗಳಲ್ಲಿ ಒಂದುಗೂಡಿಸಲು ಯತ್ನಿಸುತ್ತಿದ್ದಾರೆ. ನಾವು ಹಾಸ್ಟೆಲುಗಳ ವಿಷಯದಲ್ಲಿ ಅದನ್ನೇಕೆ ಮಾಡಬಾರದು?

ಮಾಡಬಾರದೆಂದು ಯಾರೂ ಹೇಳಲಿಲ್ಲ. ಆದರೆ ಆಗುವಂತೆಯೂ ಯಾರೂ ಹೇಳಲಿಲ್ಲ. ಹಾಸ್ಟೆಲಿನ ಮೇಲ್ವಿಚಾರಕರೊಬ್ಬರು ಬಹು ಮರ್ಯಾದೆಯಿಂದ ಕಾಫಿ ಕೊಟ್ಟು, "ಎಲ್ಲ ಒಂದೇ ಸಾರ್, ನಮ್ಮಲ್ಲಿ ಭೇದವೇ ಇಲ್ಲ. ಆದರೆ ಸುಮ್ಮನೆ ಒಂದಕ್ಕೊಂದು ಆಗಿ ಕಮಿಟಿಯವರಿಗೆ ಉತ್ತರ ಹೇಳಬೇಕಾಗುತ್ತೆ" ಎಂದರು. ಇನ್ನೊಬ್ಬರು ಹಾಸ್ಟೆಲುಗಳ ನಡುವೆ ಕ್ರಿಕೆಟ್ ಪಂದ್ಯವಿಟ್ಟು ಕಪ್ಪು ಕೊಡುವುದೇ ಸೌಹಾರ್ದಕ್ಕೆ ರಾಜಮಾರ್ಗವೆಂದು ಸಲಹೆ ಕೊಟ್ಟರು. ಅಂತರ ಹಾಸ್ಟೆಲು ಪಂದ್ಯಗಳನ್ನು ನೋಡಿದವರು ಈ ಸಲಹೆಯನ್ನು ಕೊಡಲಾರರು. ಹತ್ತು ಓವರು ಕಳೆಯುವಷ್ಟರಲ್ಲಿ ಮೈದಾನದ ಅಂಚಿನಲ್ಲಿ ಕೂಗುವ ಘೋಷಣೆಗಳಲ್ಲಿ ಆಟದ ಮಾತು ಉಳಿದಿರುವುದಿಲ್ಲ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ತಾಯಿತಂದೆಯರ ಒಪ್ಪಿಗೆಯ ಪತ್ರ, ಇಬ್ಬರು ಅಧ್ಯಾಪಿಕೆಯರ ಜೊತೆ, ಸಂಜೆ ಆರಕ್ಕೆ ಮುನ್ನ ಮರಳುವ ಮುಚ್ಚಳಿಕೆ, ಇಷ್ಟೂ ಆಗಬೇಕಾಯಿತು. ಇದನ್ನು ನಗೆಯಾಡುವಂತಿಲ್ಲ. ಆ ತಂದೆಯರ ಭಯ ಬಸ್ಸಿನದೂ ಅಲ್ಲ, ಹೊಳೆಯದೂ ಅಲ್ಲ, ಪರಿಚಯದ್ದು. ಜಾತಿ ಮೀರಿ ಮದುವೆಯಾದ ಮಕ್ಕಳನ್ನು ಹೆತ್ತವರೇ ಕೊಂದ ಸುದ್ದಿ ನಮ್ಮ ಮಂಡ್ಯದ ಸೀಮೆಯಿಂದಲೂ ಪತ್ರಿಕೆಗಳಲ್ಲಿ ಬಂದದ್ದುಂಟು. ಒಬ್ಬ ಹುಡುಗಿಯ ತಂದೆ ದೂರವಾಣಿಯಲ್ಲಿ, "ನೀವು ಮೇಷ್ಟ್ರು, ಒಳ್ಳೇದಕ್ಕೇ ಮಾಡ್ತೀರಿ ಸ್ವಾಮಿ. ಆದ್ರೆ ನಾಳೆ ಊರ ಮುಂದೆ ನಿಂತ್ಕೊಳ್ಳೋನು ನಾನು" ಎಂದರು. ಆ ಹುಡುಗಿ ಬರಲಿಲ್ಲ. ಅವಳ ಬದಲಿಗೆ ಬೇರೊಬ್ಬಳು ಬಂದಳು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಊಟದ್ದು. ಎಲ್ಲರಿಗೂ ಒಗ್ಗುವುದೆಂದು ಬರಿಯ ಸಸ್ಯಾಹಾರವೇ ಇರಲಿ ಎಂಬ ಮಾತು ಬಂದಿತು. ಸಿದ್ಧತೆಯ ಸಭೆಗೆ ಬಂದಿದ್ದ ಸರ್ಕಾರಿ ಹಾಸ್ಟೆಲಿನ ಹುಡುಗನೊಬ್ಬ, ಎರಡನೆಯ ಬಿ.ಎ. ಓದುವವನು, ಅದುವರೆಗೆ ಸುಮ್ಮನೆ ಕುಳಿತಿದ್ದವನು, "ಎಲ್ಲರೂ ಸೇರಿ ಉಣ್ಣೋಣ ಅನ್ನುವಾಗಲೆಲ್ಲ ನಮ್ಮ ಅಡಿಗೆಯನ್ನು ಬಿಟ್ಟೇ ಯಾಕೆ ಸಾರ್ ಸೇರಿಸೋದು?" ಎಂದ. ಸಭೆ ಒಂದು ನಿಮಿಷ ಮೌನವಾಯಿತು. ಸಹಪಂಕ್ತಿ ಭೋಜನಗಳ ವಿಚಾರವಾಗಿ ನಾನು ಓದಿದ ಲೇಖನಗಳಲ್ಲಿ ಈ ಪ್ರಶ್ನೆಯನ್ನು ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಕೊನೆಗೆ ಮುದ್ದೆ, ಬಸ್ಸಾರು, ಕೋಳಿಯ ಸಾರು ಮೂರೂ ಆಗಬೇಕು. ಒಲೆಗಳು ಬೇರೆ, ಪಂಕ್ತಿ ಒಂದು. ಬೇಕಾದವರು ಬೇಕಾದ್ದನ್ನು ಬಡಿಸಿಕೊಳ್ಳುವುದು ಎಂದು ತೀರ್ಮಾನವಾಯಿತು. ಅಡಿಗೆಯ ತಂಡಗಳನ್ನು ಹಾಸ್ಟೆಲಿನ ಲೆಕ್ಕದಲ್ಲಿ ಮಾಡದೆ ಚೀಟಿ ಎತ್ತಿ ಮಾಡುವುದೆಂದೂ ನಿಶ್ಚಯಿಸಿದೆವು.

ಬಸ್ಸು ಹೊರಟಾಗ ಹಾಸ್ಟೆಲುಗಳೂ ಬಸ್ಸಿನೊಳಗೆ ಹತ್ತಿ ಕುಳಿತಿದ್ದುವು. ಮುಂದಿನ ನಾಲ್ಕು ಸಾಲು ಹೆಣ್ಣುಮಕ್ಕಳು, ನಡುವೆ ಒಂದು ಹಾಸ್ಟೆಲು, ಹಿಂದೆ ಇನ್ನೊಂದು. ಬೆಳಗಿನ ಎಂಟರ ಹೊತ್ತಿಗೆ ರಂಗನತಿಟ್ಟನ್ನು ಸೇರಿದೆವು. ೧೭ನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡಲಾಗಿ ಕಟ್ಟಿಸಿದ ಒಡ್ಡಿನಿಂದ ಉಂಟಾದ ಸಣ್ಣ ಸಣ್ಣ ದ್ವೀಪಗಳು ಇವು. ಪಕ್ಷಿವಿಜ್ಞಾನಿ ಸಲೀಂ ಅಲಿಯವರು ಇಲ್ಲಿನ ಹಕ್ಕಿಗಳ ನೆರವಿಯನ್ನು ಕಂಡು ಬೆರಗಾಗಿ ಮಹಾರಾಜರಿಗೆ ಹೇಳಿದ ಮೇಲೆ ೧೯೪೦ರಲ್ಲಿ ಪಕ್ಷಿಧಾಮವಾಯಿತು. ೨೦೨೨ರಲ್ಲಿ ಅಂತರರಾಷ್ಟ್ರೀಯ ಮಹತ್ತ್ವದ ಜೌಗುನೆಲವೆಂದು ರಾಮ್ಸಾರ್ ಪಟ್ಟಿಗೂ ಸೇರಿತು. ದೋಣಿಯಲ್ಲಿ ಹೋದರೆ ಒಂದೇ ಮರದ ಮೇಲೆ ಬಣ್ಣದ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿ, ನೀರುಕಾಗೆ, ಬೆಳ್ಳಕ್ಕಿ ಎಲ್ಲವೂ ಗೂಡು ಕಟ್ಟಿರುವುದು ಕಾಣುತ್ತದೆ.

ಅಧ್ಯಾಪಕನಾದವನ ನಾಲಗೆ ಇಂಥ ಕಡೆ ಸುಮ್ಮನಿರುವುದು ಕಷ್ಟ. ನಮ್ಮ ಜೊತೆಯ ಅಧ್ಯಾಪಿಕೆಯರೊಬ್ಬರು, "ನೋಡಿ ಮಕ್ಕಳೇ, ನಾನಾ ಜಾತಿಯ ಹಕ್ಕಿಗಳು ಒಂದೇ ಮರದಲ್ಲಿ ಎಷ್ಟು ಸ್ನೇಹದಿಂದಿವೆ!" ಎಂದರು. ಪ್ರಾಣಿಶಾಸ್ತ್ರ ಓದುವ ಹುಡುಗಿಯೊಬ್ಬಳು ಸಂಕೋಚದಿಂದಲೇ, "ಸ್ನೇಹ ಅಲ್ಲ ಮೇಡಂ. ಕೆಳಗೆ ನೀರಿನಲ್ಲಿ ಮೊಸಳೆ ಇದೆ. ಅದಕ್ಕೆ ಬೆಕ್ಕು, ಮುಂಗುಸಿ ಈ ಕಡೆ ಬರಲಾರವು ಅಂತ ಎಲ್ಲವೂ ಇಲ್ಲೇ ಕಟ್ಟುತ್ತವೆ. ಪಕ್ಕದ ಗೂಡಿನ ಕಡ್ಡಿಯನ್ನು ಕದಿಯುವುದನ್ನು ನೋಡಿ" ಎಂದು ತೋರಿಸಿದಳು. ಒಂದು ನೀರುಕಾಗೆ ನಿಜವಾಗಿಯೂ ಕದಿಯುತ್ತಿತ್ತು. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆಯನ್ನು ನೋಡಿ ದೋಣಿಯವರೆಲ್ಲ ಒಂದೇ ಬದಿಗೆ ವಾಲಿದರು, ಅಂಬಿಗನು ಗದರಿಸಿದನು. ಹಾಸ್ಟೆಲುಗಳ ವಿಂಗಡಣೆ ಮೊದಲು ಸಡಿಲಾದುದು ಆ ಗದರಿಕೆಯ ಹೊತ್ತಿನಲ್ಲಿ ಎಂದು ನನಗೆ ತೋರುತ್ತದೆ.

ಅಲ್ಲಿಂದ ಪಾಲಹಳ್ಳಿಗೆ. ಊರ ಹೊರಗೆ ನಾಲೆಯ ಪಕ್ಕದ ಒಂದು ಆಲೆಮನೆಯಲ್ಲಿ ಇಡೀ ದಿನ ಇರಲು ಮೊದಲೇ ಮಾತಾಡಿದ್ದೆವು. ಆಲೆಮನೆಯ ಯಜಮಾನರಿಗೆ ಎಪ್ಪತ್ತರ ಮೇಲೆ ವಯಸ್ಸು; ಬಿಳಿಯ ಅಂಗಿ, ಹೆಗಲ ಮೇಲೆ ಹಸುರು ಟವಲು. ಮರದಡಿಯಲ್ಲಿ ಒಬ್ಬೊಬ್ಬರಾಗಿ ಪರಿಚಯ ಹೇಳಿಕೊಂಡರು. ಮಠದ ಹಾಸ್ಟೆಲಿನವರು, ಸಂಘದ ಹಾಸ್ಟೆಲಿನವರು ಹೆಸರಿನ ಜೊತೆಗೆ ಹಾಸ್ಟೆಲನ್ನು ಗಟ್ಟಿಯಾಗಿ ಹೇಳಿದರು. ಸಭೆಯಲ್ಲಿ ಊಟದ ಪ್ರಶ್ನೆ ಕೇಳಿದ ಹುಡುಗನ ಸರದಿ ಬಂದಾಗ ಹೆಸರು ಹೇಳಿ, "ಕೆ. ಆರ್. ಪೇಟೆ ತಾಲ್ಲೂಕು. ಇಲ್ಲಿ ಪಡುವಾರಹಳ್ಳಿ ಕಡೆ ಇದ್ದೀನಿ" ಎಂದ. ಊರು ಕೇಳಿದರೆ ತಾಲ್ಲೂಕನ್ನು ಹೇಳುವುದು, ಹಾಸ್ಟೆಲು ಕೇಳಿದರೆ ಬಡಾವಣೆಯನ್ನು ಹೇಳುವುದು! ನಮ್ಮ ಕಾಲೇಜುಗಳಲ್ಲಿ ಈ ಜಾಣತನವನ್ನು ಹದಿನೆಂಟು ವರ್ಷದ ಮಕ್ಕಳು ಕಲಿತುಕೊಳ್ಳಬೇಕಾಗಿದೆ. ಸಭೆಯಲ್ಲಿ ಅಷ್ಟು ನೇರವಾಗಿ ಮಾತನಾಡಿದವನೇ ಯಜಮಾನರ ಅಂಗಳದಲ್ಲಿ ಹೀಗೆ ಮಾತನಾಡಿದ.

ಊಟ ಚೆನ್ನಾಗಿಯೇ ಆಯಿತು. ಮುದ್ದೆ ತಿರುವುವುದರಲ್ಲಿ ಕಲಾವಿಭಾಗದವರನ್ನು ವಿಜ್ಞಾನದವರು ಸೋಲಿಸಿದರು. ಉಪ್ಪು ಸ್ವಲ್ಪ ಮುಂದಾಗಿತ್ತು. ಇಬ್ಬರು ಹುಡುಗರು ಶನಿವಾರ ಒಪ್ಪತ್ತೆಂದು ಹೇಳಿ ಬಾಳೆಯಹಣ್ಣು ತಿಂದು ಬೇರೆ ಮರದ ಕೆಳಗೆ ಕುಳಿತರು. ಅದು ವ್ರತವೋ ಅಡಿಗೆಯವರು ಯಾರೆಂಬ ಶಂಕೆಯೋ ನಾನು ವಿಚಾರಿಸಲಿಲ್ಲ. ಒಂದು ಪಂಕ್ತಿಯೆಂದು ಕೂರಿಸಿದ್ದರೂ ಎಲೆಯ ಮುಂದೆ ಕುಳಿತವರು ಮತ್ತೆ ತಮ್ಮ ತಮ್ಮ ಹಾಸ್ಟೆಲಿನವರ ಪಕ್ಕದಲ್ಲಿಯೇ ಇದ್ದರು. ಉಂಡೆವು, ಫೋಟೋ ತೆಗೆದುಕೊಂಡೆವು. ಅಲ್ಲಿಗೇ ಬಸ್ಸು ಹತ್ತಿದ್ದರೆ ನಾಡಿನಲ್ಲಿ ಆಗಾಗ ನಡೆಯುವ ಸಹಭೋಜನಗಳಂತೆಯೇ ಇದೂ ಒಂದಾಗಿ, ಫೋಟೋದಲ್ಲಿ ಮಾತ್ರ ಉಳಿಯುತ್ತಿತ್ತು.

ಊಟದ ಮೇಲೆ ಯಜಮಾನರು, "ನಮ್ ಆಳುಗಳು ಮೂರೇ ಜನ ಬಂದವ್ರೆ ಇವತ್ತು. ಒಂದ್ ಕೊಪ್ಪರಿಗೆ ನೀವೇ ಇಳಿಸ್ತೀರಾ ನೋಡಿ" ಎಂದು ಸವಾಲು ಹಾಕಿದರು. ಆಲೆಮನೆಯನ್ನು ನೋಡದ ವಾಚಕರಿಗೆ ಎರಡು ಮಾತು. ಹಿಂದೆ ಎತ್ತುಗಳು ತಿರುಗಿಸುತ್ತಿದ್ದ ಗಾಣವನ್ನು ಇಂದು ಯಂತ್ರ ತಿರುಗಿಸುತ್ತದೆ. ಉಳಿದುದೆಲ್ಲ ಮನುಷ್ಯರ ಕೈಯಲ್ಲಿಯೇ ಇದೆ. ಹಿಂಡಿದ ಹಾಲು ತೊಟ್ಟಿಗೆ ಇಳಿದು ಅಲ್ಲಿಂದ ಅಗಲವಾದ ಕೊಪ್ಪರಿಗೆಗೆ ಬೀಳುತ್ತದೆ. ಹಾಲು ಹಿಂಡಿದ ಮೇಲೆ ಉಳಿದ ಸಿಪ್ಪೆಯನ್ನು ಒಣಗಿಸಿ ಅದನ್ನೇ ಒಲೆಗೆ ಹಾಕುವುದರಿಂದ ಕಬ್ಬನ್ನು ಕಬ್ಬೇ ಬೇಯಿಸುತ್ತದೆ. ಉರಿ ಒಂದೇ ಸಮನಾಗಿರಬೇಕು. ಹಾಲು ಬಿಸಿಯಾಗುತ್ತಲೂ ಅಳತೆಯಾಗಿ ಸುಣ್ಣದ ನೀರು ಬೀಳಬೇಕು. ಮೇಲೆ ಬರುವ ಮಡ್ಡಿಯನ್ನು ಜಾಲರಿಯ ಸೌಟಿನಿಂದ ಬಿಡದೆ ತೆಗೆಯುತ್ತಿರಬೇಕು. ಹಿಂದೆ ಬೆಂಡೆಯ ಗಿಡದ ಲೋಳೆಯನ್ನು ಹಾಕಿ ಕೊಳೆ ಎತ್ತುತ್ತಿದ್ದರು. ಈಗ ಬೆಲ್ಲ ಬೆಳ್ಳಗೆ ಹೊಳೆಯಲೆಂದು ರಾಸಾಯನಿಕ ಹಾಕುವವರು ಹೆಚ್ಚು. ಕೊಳ್ಳುವವರು ಬಣ್ಣ ನೋಡಿ ಕೊಳ್ಳುವಷ್ಟು ಕಾಲವೂ ಅದು ನಿಲ್ಲದು. ಎರಡು ಮೂರು ಗಂಟೆ ಕುದಿದ ಮೇಲೆ ಪಾಕ ಬರುತ್ತದೆ. ಒಂದು ಹನಿಯನ್ನು ನೀರಿಗೆ ಬಿಟ್ಟು ಬೆರಳಿನಲ್ಲಿ ಉರುಳಿಸಿ ನೋಡುವವನಿಗೆ ಅದು ತಿಳಿಯುತ್ತದೆ. ಆ ಕ್ಷಣ ತಪ್ಪಿದರೆ ಬೆಲ್ಲ ಹೊತ್ತುತ್ತದೆ; ಮುಂಚೆ ಇಳಿಸಿದರೆ ಗಟ್ಟಿಯಾಗದು.

ನಲವತ್ತು ಮಂದಿ ಸುತ್ತ ನಿಂತು ಬಿಸಿ ಹಾಲು ಕುಡಿಯುವುದೇ ಕೆಲಸವೆಂದುಕೊಂಡಿದ್ದರು. ಹತ್ತು ನಿಮಿಷದಲ್ಲಿ ಕೆಲಸ ಎಲ್ಲರನ್ನೂ ಎಳೆದುಕೊಂಡಿತು. ಸಿಪ್ಪೆ ಹೊರುವವರು, ಗಾಣಕ್ಕೆ ಕಬ್ಬು ಕೊಡುವವರು, ಮಡ್ಡಿ ತೆಗೆಯುವವರು. ಹೊಗೆಯಲ್ಲಿ ಯಾರು ಯಾರೆಂಬುದು ಕಾಣುತ್ತಿರಲಿಲ್ಲ. ಸಂಘದ ಹಾಸ್ಟೆಲಿನ ಹುಡುಗನೊಬ್ಬ, ಹತ್ತು ಎಕರೆ ಕಬ್ಬು ಬೆಳೆಯುವವರ ಮಗ, ಒಲೆಯ ಬಾಯಿಗೆ ಒಮ್ಮೆಲೇ ಒಂದು ಹೊರೆ ಸಿಪ್ಪೆಯನ್ನು ತುರುಕಿ ಉರಿಯನ್ನೇ ಅಡಗಿಸಿಬಿಟ್ಟ. ಆಗ ಕೆ. ಆರ್. ಪೇಟೆಯ ನಮ್ಮ ಹುಡುಗ ಅವನನ್ನು ಪಕ್ಕಕ್ಕೆ ಸರಿಸಿ, ಕುಕ್ಕುರುಗಾಲಿನಲ್ಲಿ ಕುಳಿತು, ಕವೆಗೋಲಿನಿಂದ ಸಿಪ್ಪೆಯನ್ನು ಹದವಾಗಿ ಹರಡಿ ಉರಿಯನ್ನು ಎಬ್ಬಿಸಿದ. ಅಲ್ಲಿಂದ ಮುಂದೆ ಅವನ ಮಾತೇ ಮಾತು: "ಆ ಕಡೆ ಮಡ್ಡಿ ತೆಗಿ", "ಸುಣ್ಣ ಸಾಕು", "ಕಬ್ಬು ನಿಲ್ಲಿಸ್ರೋ". ಎಲ್ಲ ಹಾಸ್ಟೆಲಿನವರೂ ಹಾಗೆಯೇ ಮಾಡಿದರು.

ಯಜಮಾನರು ಸ್ವಲ್ಪ ಹೊತ್ತು ನೋಡಿ, "ಕೆಲ್ಸ ಗೊತ್ತದೆ ನಿಂಗೆ. ಯಾವೂರಪ್ಪಾ? ಯಾರ ಪೈಕಿ?" ಎಂದು ಕೇಳಿದರು.

ನಮ್ಮ ಸೀಮೆಯಲ್ಲಿ ಇದು ಸಹಜವಾದ ಪ್ರಶ್ನೆ. ಕೇಳಿದವರ ಮನಸ್ಸಿನಲ್ಲಿ ಕೆಡುಕಿರಬೇಕಾದ್ದಿಲ್ಲ. ಆದರೆ ಕೊಪ್ಪರಿಗೆಯ ಸುತ್ತ ಇದ್ದ ಕೈಗಳೆಲ್ಲ ಒಂದು ಕ್ಷಣ ನಿಂತವು. ಪ್ರಾಣಿಶಾಸ್ತ್ರದ ಹುಡುಗಿ, "ತಾತ, ಹೊತ್ತೋಗ್ತದೆ ನೋಡಿ!" ಎಂದು ಕೂಗಿದಳು. ಹುಡುಗ ಉರಿಯನ್ನು ಸ್ವಲ್ಪ ಹಿಂದಕ್ಕೆಳೆದು, ತಲೆಯೆತ್ತಿ ತನ್ನ ಹಳ್ಳಿಯ ಹೆಸರನ್ನೂ ತನ್ನ ಜಾತಿಯ ಹೆಸರನ್ನೂ ತಾನಿರುವ ಹಾಸ್ಟೆಲಿನ ಹೆಸರನ್ನೂ ಒಂದೇ ಉಸುರಿನಲ್ಲಿ ಹೇಳಿದ. "ನಮ್ಮಪ್ಪ ಇಪ್ಪತ್ತು ವರ್ಷ ಆಲೆಮನೇಲಿ ಒಲೆ ಉರಿಸಿದ್ರು ಯಜಮಾನ್ರೇ. ರಜದಲ್ಲಿ ನಾನೂ ಹೋಗ್ತಿದ್ದೆ."

ಯಜಮಾನರು ಟವಲಿನಿಂದ ಮುಖ ಒರಸಿಕೊಂಡರು. "ಹಂಗಾದ್ರೆ ಒಲೆ ನಿಂಗೇ ಬುಡ್ತೀನಿ, ನೋಡ್ಕೋ" ಎಂದರು. ಇದನ್ನು ನಂಬಿಕೆಯೆನ್ನಬೇಕೆ, ಇಲ್ಲವೆ ಒಲೆ ಉರಿಸುವುದು ಆ ಜನರದೇ ಕೆಲಸವೆಂಬ ಹಳೆಯ ಕಟ್ಟಳೆಯೆನ್ನಬೇಕೆ, ನನಗೆ ಇಂದಿಗೂ ನಿರ್ಧರಿಸಲಾಗಿಲ್ಲ. ಆದರೆ ಅರ್ಧ ಗಂಟೆಯ ಮೇಲೆ ಪಾಕ ಬಂದಿತೆಂದು ತೋರಿದಾಗ, ನೀರಿನ ಬಟ್ಟಲನ್ನು ಆ ಹುಡುಗನ ಕಡೆಗೇ ಚಾಚಿ, "ನೀನೇ ನೋಡು" ಎಂದರು. ಪಾಕ ನೋಡುವುದು ಆಲೆಮನೆಯಲ್ಲಿ ಒಲೆಯವನ ಕೆಲಸವಲ್ಲ. ಹುಡುಗ ಹನಿಯನ್ನು ಬೆರಳಿನಲ್ಲಿ ಉರುಳಿಸಿ, "ಇನ್ನೊಂದು ಕುದಿ" ಎಂದ. ಯಜಮಾನರೂ ನೋಡಿ, "ಹೂಂ, ಇನ್ನೊಂದು ಕುದಿ" ಎಂದರು. ಹತ್ತಾರು ಕೈಗಳು ಕೂಡಿ ಕೊಪ್ಪರಿಗೆಯನ್ನು ಇಳಿಸಿ ಪಾಕವನ್ನು ಮರದ ತೊಟ್ಟಿಗೆ ಸುರಿದುವು. ಅಷ್ಟು ಹೊತ್ತಿಗೆ ಒಪ್ಪತ್ತಿನ ಇಬ್ಬರೂ ಬಂದು ಅಚ್ಚಿನ ಮಣೆಗಳನ್ನು ತೊಳೆಯುತ್ತಿದ್ದರು.

ಇದನ್ನು ನೋಡುವಾಗ ಒಂದು ಹಳೆಯ ಪ್ರಯೋಗ ನೆನಪಿಗೆ ಬಂದಿತು. ೧೯೫೪ರಲ್ಲಿ ಮುಜಫರ್ ಷೆರೀಫ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಓಕ್ಲಹೋಮಾ ಪ್ರಾಂತದ ಒಂದು ಬೇಸಗೆ ಶಿಬಿರದಲ್ಲಿ ೨೨ ಮಂದಿ ಹುಡುಗರನ್ನು ಎರಡು ಗುಂಪು ಮಾಡಿ ಇಟ್ಟರು. ಆಟದ ಪಂದ್ಯಗಳನ್ನು ಏರ್ಪಡಿಸಿ ಬಹುಮಾನ ಇಟ್ಟದ್ದೇ ತಡ, ಗುಂಪುಗಳು ಒಂದರ ಬಾವುಟವನ್ನು ಇನ್ನೊಂದು ಸುಡುವಷ್ಟು ದ್ವೇಷ ಬೆಳೆಯಿತು. ಅದನ್ನು ಇಳಿಸಲೆಂದು ಎರಡು ಗುಂಪನ್ನೂ ಒಂದೇ ಭೋಜನಶಾಲೆಯಲ್ಲಿ ಊಟಕ್ಕೆ ಕೂರಿಸಿದರು; ಹುಡುಗರು ಊಟವನ್ನೇ ಒಬ್ಬರ ಮೇಲೊಬ್ಬರು ಎಸೆದಾಡಿದರು. ಕುಡಿಯುವ ನೀರು ನಿಂತುಹೋದಾಗ ಎಲ್ಲರೂ ಕೂಡಿ ಹುಡುಕಿ ಸರಿಪಡಿಸಬೇಕಾಯಿತು. ನಿಂತುಹೋದ ಲಾರಿಯನ್ನು ಎಲ್ಲರೂ ಕೂಡಿ ಹಗ್ಗ ಹಾಕಿ ಎಳೆಯಬೇಕಾಯಿತು. ಇಂಥ ಹಲವು ಕೆಲಸ ಕಳೆದ ಮೇಲೆ, ಮನೆಗೆ ಮರಳುವಾಗ, ಎರಡು ಗುಂಪಿನವರೂ ಒಂದೇ ಬಸ್ಸಿನಲ್ಲಿ ಹೋಗುತ್ತೇವೆಂದರು. ಪಂದ್ಯ ಒಡೆಯಿತು, ಬರಿಯ ಔತಣ ಕೂಡಿಸಲಿಲ್ಲ, ಒಬ್ಬರಿಂದಾಗದ ಕೆಲಸ ಕೂಡಿಸಿತು. ಆ ಹುಡುಗರೆಲ್ಲ ಒಂದೇ ಬಣ್ಣದವರು, ಒಂದೇ ಧರ್ಮದವರು, ಹನ್ನೊಂದರ ಆಸುಪಾಸಿನವರು ಎಂಬುದನ್ನೂ ಹೇಳಬೇಕು. ಸಾವಿರ ವರ್ಷದ ಜಾತಿ ಮೂರು ವಾರದ ಶಿಬಿರಕ್ಕೆ ಬಗ್ಗುವಂಥದಲ್ಲ.

ಆದರೂ ನಮ್ಮಲ್ಲಿ ಇದಕ್ಕೆ ಸಲಕರಣೆ ಇಲ್ಲವೆನ್ನುವಂತಿಲ್ಲ. ಗಾಂಧಿ ಶತಾಬ್ದಿಯ ವರ್ಷವಾದ ೧೯೬೯ರಲ್ಲಿ ೩೭ ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ ಇಂದು ಎಷ್ಟೋ ಕಾಲೇಜುಗಳಲ್ಲಿದೆ. ಅದರ ಶಿಬಿರಗಳಲ್ಲಿ ಹುಡುಗರು ಹಳ್ಳಿಗೆ ಹೋಗಿ ಕೆರೆಯ ಹೂಳೆತ್ತುತ್ತಾರೆ. ಅಲ್ಲಿ ಸೇರುವುದು ಕಾಲೇಜು, ಹಾಸ್ಟೆಲುಗಳಲ್ಲ. ರಾತ್ರಿ ಹತ್ತರ ಮೇಲಿನ ಮಾತು ನಡೆಯುವ ಕಡೆಯನ್ನೇ ತಲುಪಬೇಕಾದರೆ ಹಾಸ್ಟೆಲು ಹಾಸ್ಟೆಲನ್ನು ಕರೆಯಬೇಕು. ಕನಕ ಜಯಂತಿಗೆ ಬಸವ ಜಯಂತಿಯವರು ಬಂದು ಚಪ್ಪರ ಕಟ್ಟಲಿ, ಅಂಬೇಡ್ಕರ್ ಜಯಂತಿಯ ಅಡಿಗೆಗೆ ಎಲ್ಲರೂ ಸೌದೆ ಒಡೆಯಲಿ. ಅತಿಥಿಗಳಾಗಿ ಬಂದು ಮುಂದಿನ ಸಾಲಿನಲ್ಲಿ ಕುಳಿತು ಹೋಗುವುದಾದರೆ ಬರದಿರುವುದೇ ಲೇಸು. ಹೆಣ್ಣುಮಕ್ಕಳ ಹಾಸ್ಟೆಲನ್ನು ಇದರಿಂದ ಹೊರಗಿಟ್ಟರೆ ಅರ್ಧ ಕೆಲಸವೂ ಆಗದು. ಕೊಪ್ಪರಿಗೆಯ ಬಳಿ ಆ ಸಂಕಟದ ಕ್ಷಣವನ್ನು ದಾಟಿಸಿದುದು ಅವರಲ್ಲೊಬ್ಬಳ ಕೂಗು ಎಂಬುದನ್ನು ಮರೆಯಲಾಗದು.

ಬೆಲ್ಲದ ಬಣ್ಣ ಸ್ವಲ್ಪ ಕಪ್ಪಾಗಿಯೇ ಇತ್ತು; ಮಡ್ಡಿ ತೆಗೆಯುವಾಗ ಎಲ್ಲರೂ ಕೈ ನಿಲ್ಲಿಸಿದ್ದರ ಫಲ. ಯಜಮಾನರು, "ಮಂಡ್ಯದ ಮಾರ್ಕೆಟ್ಟಿಗೆ ಇದು ನಡೆಯಾಕಿಲ್ಲ, ತಿನ್ನಾಕೆ ನಡೀತದೆ" ಎಂದು ಹೇಳಿ, ಹಾಸ್ಟೆಲಿಗೆ ಹತ್ತು ಅಚ್ಚಿನಂತೆ ಹಂಚಿದರು. ಹಣ ಕೊಡಹೋದರೆ ಕಬ್ಬಿನ ಬೆಲೆಯನ್ನು ಮಾತ್ರ ತೆಗೆದುಕೊಂಡರು. ಬಸ್ಸಿನಲ್ಲಿ ಮರಳುವಾಗ ಹುಡುಗರು ಮತ್ತೆ ಬೆಳಗಿನ ಸಾಲುಗಳಲ್ಲಿಯೇ ಕುಳಿತರೇ ಎಂದು ವಾಚಕರು ಕೇಳಬಹುದು. ಬಹುಪಾಲು ಹಾಗೆಯೇ ಕುಳಿತರು. ಮೂರು ನಾಲ್ಕು ಮಂದಿ ಮಾತ್ರ ಬೇರೆ ಕಡೆ ಕುಳಿತಿದ್ದರು. ಒಲೆಯ ಉರಿ ಅಡಗಿಸಿದ ಗೌಡರ ಮಗ ಕೆ. ಆರ್. ಪೇಟೆಯವನ ಪಕ್ಕದಲ್ಲಿದ್ದ, ಆಲೆಮನೆಯ ಕೂಲಿ ಎಷ್ಟು, ಎಷ್ಟು ಗಂಟೆಗೆ ಏಳಬೇಕು, ಸುಟ್ಟ ಗಾಯಕ್ಕೆ ಏನು ಹಚ್ಚುತ್ತಾರೆ ಎಂದು ಕೇಳುತ್ತಿದ್ದ. ಅವರ ಮನೆಯಲ್ಲಿಯೂ ಆಲೆಮನೆ ಇದೆಯಂತೆ.

ಆಮೇಲೆ ಐದು ಹಾಸ್ಟೆಲುಗಳಿಗೂ ಮುಂದಿನ ಸಲಕ್ಕೆ ಪತ್ರ ಬರೆದೆವು. ಒಂದು ಹಾಸ್ಟೆಲಿನ ಕಮಿಟಿಯವರು ಪರೀಕ್ಷೆಯ ಕಾರಣ ಹೇಳಿ ಆಗದೆಂದರು. ಪರೀಕ್ಷೆಗೆ ಆಗ ಮೂರು ತಿಂಗಳಿತ್ತು. ಮೂರು ಹಾಸ್ಟೆಲಿನವರು ಒಪ್ಪಿದರು. ಅದರಲ್ಲೊಂದು ಅಡಿಗೆಯ ಮನೆಯನ್ನೇ ಬಿಟ್ಟುಕೊಡುತ್ತೇವೆ, ಹೊರಗೆಲ್ಲಿಗೂ ಹೋಗುವುದು ಬೇಡವೆಂದಿತು. ಹೆಣ್ಣುಮಕ್ಕಳ ಹಾಸ್ಟೆಲಿನಿಂದ ಬಂದ ಪತ್ರಕ್ಕೆ ಮೂವತ್ತೊಂದು ಹುಡುಗಿಯರ ಸಹಿ ಇತ್ತು. ಮರಳುವ ಗಡುವನ್ನು ಆರು ಗಂಟೆಯಿಂದ ಏಳಕ್ಕೆ ಹಾಕಿಸಿಕೊಡಬೇಕೆಂದೂ, ಕಳೆದ ಸಲ ಪಾಕ ಇಳಿಸಿದ ಮೇಲೆ ಅಚ್ಚಿಗೆ ಹಾಕುವುದನ್ನು ಪೂರ್ತಿ ನೋಡಲಾಗಲಿಲ್ಲವೆಂದೂ ಅದರಲ್ಲಿ ಬರೆದಿದ್ದರು. ಆ ಪತ್ರವನ್ನು ಅವರ ಮೇಲ್ವಿಚಾರಕರಿಗೆ ಕಳುಹಿಸಿದ್ದೇವೆ. ಉತ್ತರ ಇನ್ನೂ ಬರಬೇಕಾಗಿದೆ.